ಕೆರೆಯವರೆಗೆ ಸಾಕು



ಹೋದ ತಿಂಗಳು ಒಂದು ದಿನ ಎರಡು ಹಾಡುಗಳ ನಡುವೆ ಸಿಕ್ಕ ಅರ್ಧ ನಿಮಿಷದಲ್ಲಿ ನಾನು ಸುಮ್ಮನೆ ಒಂದು ಮಾತು ಆಡಿದ್ದೆ. ಭಾನುವಾರ ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಕಂಬಾಲಕೊಂಡಕ್ಕೆ ಹೋಗಿದ್ದೆ, ಕೆರೆ ದಂಡೆಯಲ್ಲಿ ಎರಡು ಗಂಟೆ ಕೂತಿದ್ದೆ ಅಂತ. ಅಷ್ಟಕ್ಕೇ ಎಷ್ಟೊಂದು ಪ್ರಶ್ನೆಗಳು ಬಂದವು! ಗಾಜುವಾಕದಿಂದ ಒಬ್ಬರು, "ಅಲ್ಲಿ ಚಿರತೆ ಇದೆಯಂತಲ್ಲ ಮೇಡಂ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?" ಅಂತ ಕೇಳಿದರು. ಮೊಬೈಲಿನಲ್ಲಿ ನಮ್ಮ ಕಾರ್ಯಕ್ರಮ ಕೇಳುವ ವಿಜಯವಾಡದ ಒಬ್ಬರು ಸ್ವಲ್ಪ ಮುನಿಸಿನಿಂದಲೇ ಬರೆದರು. "ನಿಮಗೇನಮ್ಮ, ವೈಜಾಗಿನಲ್ಲಿ ಕಾಡು, ಬೆಟ್ಟ, ಸಮುದ್ರ ಎಲ್ಲಾ ಇದೆ. ನಮಗೆ ಇರುವುದು ಬಿಸಿಲು ಒಂದೇ." ಇಬ್ಬರಿಗೂ ಉತ್ತರ ಕೊಡೋಣ ಅಂತ ಈ ಮಾತು.

ಮೊದಲು ಜಾಗದ ಪರಿಚಯ. ವಿಶಾಖಪಟ್ಟಣದ ಹನುಮಂತವಾಕ ಜಂಕ್ಷನ್ ದಾಟಿ ಹೆದ್ದಾರಿಯಲ್ಲಿ ಮಧುರವಾಡದ ಕಡೆಗೆ ಹೊರಟರೆ ಬಲಗಡೆಗೆ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುವ ಇಂದಿರಾಗಾಂಧಿ ಝೂ ಇದೆ. ಎಡಗಡೆಗೆ ಗುಡ್ಡಗಳ ಸಾಲು. ಅದೇ ಕಂಬಾಲಕೊಂಡ. ಝೂಗೆ ಹತ್ತು ಸಲ ಹೋದವರೂ ಈ ಕಡೆ ತಿರುಗಿ ನೋಡಿರುವುದಿಲ್ಲ. ನಾನೂ ಹಾಗೇ ಇದ್ದೆ, ಮೂರು ವರ್ಷ. ಹಿಂದೆ ವಿಜಯನಗರಂ ಮಹಾರಾಜರ ವಶದಲ್ಲಿದ್ದ ಕಾಡು ಇದು. 1970ರಿಂದ ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದೆ. 2002ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆಯಾಯಿತು. ಸುಮಾರು 70 ಚದರ ಕಿಲೋಮೀಟರ್ ವಿಸ್ತಾರ. ಇಪ್ಪತ್ತು ಲಕ್ಷ ಜನರ ಊರಿನ ಮಗ್ಗುಲಲ್ಲೇ ಇಷ್ಟು ಕಾಡು ಉಳಿದಿರುವುದು ಸಣ್ಣ ಮಾತಲ್ಲ. ಹೆದ್ದಾರಿಯ ಪಕ್ಕದ ಒಂದು ತುಣುಕಿನಲ್ಲಿ ಮಾತ್ರ ಇಲಾಖೆಯವರು ಜನರಿಗೆ ಪ್ರವೇಶ ಕೊಟ್ಟಿದ್ದಾರೆ. ಗೇಟಿನಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ನಡೆದರೆ ಗುಡ್ಡಗಳ ನಡುವೆ ಒಂದು ಕೆರೆ, ದೋಣಿ, ಅದರಾಚೆ ಕಾಡೊಳಗೆ ಹೋಗುವ ಕಾಲುದಾರಿಗಳು.

ಹೆಸರಿನ ಬಗ್ಗೆ ಒಂದು ಮಾತು. ಮಂಗಳೂರು ಕಡೆಯವರಿಗೆ ಕಂಬಾಲಕೊಂಡ ಅಂದ ಕೂಡಲೇ ಕಂಬಳದ ಕೋಣ ನೆನಪಾಗುತ್ತದೆ. ನಮ್ಮ ಪಕ್ಕದ ಮನೆಯ ಉಡುಪಿಯವರು ಹಾಗೇ ಅಂದುಕೊಂಡಿದ್ದರು, ಪಾಪ. ಇನ್ನು ಕೊಂಡ. ತೆಲುಗಿನಲ್ಲಿ ಕೊಂಡ ಅಂದರೆ ಬೆಟ್ಟ. ನಮಗೆ ಕೊಂಡ ಅಂದರೆ ಜಾತ್ರೆಯಲ್ಲಿ ಹಾಯುವ ಕೆಂಡದ ಕೊಂಡ. ನಾವು ಮೊದಲನೇ ಸಲ ಅಲ್ಲಿಗೆ ಹೋದ ದಿನ ನನಗೆ ಕನ್ನಡದ ಅರ್ಥವೇ ಸರಿ ಅನ್ನಿಸಿತ್ತು. ಆ ದಿನದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ದಡ್ಡತನದ ಕಥೆ, ಮರ್ಯಾದೆ ಹೋದರೆ ಹೋಗಲಿ.

ನಾನು ತೀರ್ಥಹಳ್ಳಿ ಕಡೆಯವಳು. ನಮಗೆ ಗುಡ್ಡ ಹತ್ತುವುದು ಅಂದರೆ ಅಂಗಡಿಗೆ ಹೋಗಿಬಂದ ಹಾಗೆ. ಕಾಲೇಜಿನಲ್ಲಿದ್ದಾಗ ಕೊಡಚಾದ್ರಿ ಹತ್ತಿದವಳು, 1,343 ಮೀಟರ್. ಅಂಥವಳಿಗೆ ಕಡಲ ದಂಡೆಯ ಈ ಕುಳ್ಳ ಗುಡ್ಡಗಳು ಯಾವ ಲೆಕ್ಕ? ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದು ಆಗಷ್ಟೇ ನಾಲ್ಕು ತಿಂಗಳಾಗಿತ್ತು. ಅರವತ್ತೆಂಟು ವರ್ಷ, ತೆಲುಗು ಬಾರದು, ಅಪಾರ್ಟ್‌ಮೆಂಟಿನ ತಾರಸಿಯೇ ಅವರ ಅಂಗಳ. ಊರಿನಲ್ಲಿ ದಿನಾ ತೋಟ ಸುತ್ತುತ್ತಿದ್ದ ಜೀವ. ಅವರಿಗೆ ಒಂದಿಷ್ಟು ಕಾಡು ತೋರಿಸೋಣ ಅಂತ ಮಾರ್ಚ್ ತಿಂಗಳ ಒಂದು ಭಾನುವಾರ ಹೊರಟೆವು. ನಾನು, ನಮ್ಮ ಮನೆಯವರು, ಏಳು ವರ್ಷದ ಮಗಳು, ಅಮ್ಮ. ತಿಂಡಿ ತಿಂದು, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಗೇಟಿನ ಮುಂದೆ ನಿಂತಾಗ ಹತ್ತು ಗಂಟೆ. ನಾಲ್ಕು ಜನಕ್ಕೆ ಎರಡು ಲೀಟರ್ ನೀರು, ಮೂರು ಪೊಟ್ಟಣ ಚಿಪ್ಸ್.

ಕೆರೆಯ ಹತ್ತಿರ ಬಂದಾಗ ಅಮ್ಮ, "ಇಲ್ಲೇ ಚೆನ್ನಾಗಿದೆ ಕಣೆ, ನೆರಳಿದೆ, ಕೂರೋಣ" ಅಂದರು. ಮನೆಯವರೂ ಹೂಂ ಅಂದರು. ಬಿಡದವಳು ನಾನೇ. "ಇಷ್ಟು ದೂರ ಬಂದು ಕೆರೆ ನೋಡಿ ಹೋಗುವುದಾ? ಮೇಲಿನವರೆಗೂ ಹೋಗಿ ಬರೋಣ, ಒಂದು ಗಂಟೆಯ ಕೆಲಸ" ಅಂದೆ.

ಮಲೆನಾಡಿನವರ ಲೆಕ್ಕ ತಪ್ಪುವುದು ಇಲ್ಲೇ ನೋಡಿ. ಗುಡ್ಡ ಅಂದರೆ ತಂಪು, ಹತ್ತಿದಷ್ಟೂ ಗಾಳಿ ಬೀಸುತ್ತದೆ ಅಂತ ನಮ್ಮ ನಂಬಿಕೆ. ಪೂರ್ವಘಟ್ಟದ ಈ ಕಡಲ ಪಕ್ಕದ ಗುಡ್ಡಗಳು ಆ ಜಾತಿಯವಲ್ಲ. ಸೂರ್ಯ ಸಮುದ್ರದಿಂದ ನೇರ ಇವುಗಳ ಮುಖಕ್ಕೇ ಹುಟ್ಟುತ್ತಾನೆ. ಕೆಂಪು ಕಲ್ಲು ಬೇಗ ಕಾಯುತ್ತದೆ. ಕಾಡೂ ಒಣಕಾಡು, ಕುರುಚಲು. ತಲೆಯ ಮೇಲೆ ನಮ್ಮ ಆಗುಂಬೆಯ ಚಪ್ಪರ ಇರುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಗಾಳಿಯಲ್ಲಿನ ತೇವ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಇಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯಿಂದ ನೀರೂ ಉಪ್ಪೂ ಹೋಗುತ್ತಲೇ ಇರುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಥರ್ಮಾಮೀಟರ್ 33 ಡಿಗ್ರಿ ತೋರಿಸುತ್ತಿದ್ದರೂ ದೇಹದ ಪಾಲಿಗೆ ಅದು ನಲವತ್ತರ ಲೆಕ್ಕ. ವಯಸ್ಸಾದವರಿಗೆ ಬಾಯಾರಿಕೆಯೇ ತಡವಾಗಿ ತಿಳಿಯುತ್ತದೆ. ಮಕ್ಕಳು ಆಟದ ಭರದಲ್ಲಿ ಹೇಳುವುದಿಲ್ಲ. ಇದೆಲ್ಲ ನನಗೆ ಆಮೇಲೆ ಡಾಕ್ಟರು ತಿಳಿಸಿ ಹೇಳಿದ್ದು. ಆಗ ಗೊತ್ತಿದ್ದದ್ದು ಕೊಡಚಾದ್ರಿ ಒಂದೇ.

ಮುಕ್ಕಾಲು ಗಂಟೆ ನಡೆದಿರಬಹುದು. ನೀರು ಖಾಲಿ. ಮಗಳು ಮುಖ ಕೆಂಪಗೆ ಮಾಡಿಕೊಂಡು "ಇನ್ನೂ ಎಷ್ಟು ದೂರ" ಅನ್ನುವುದನ್ನೂ ನಿಲ್ಲಿಸಿದ್ದಳು. ಹಿಂದಿರುಗಿ ನೋಡಿದರೆ ಅಮ್ಮ ಒಂದು ಬಂಡೆಗೆ ಕೈ ಕೊಟ್ಟು ನಿಂತಿದ್ದಾರೆ. "ಏನಿಲ್ಲ, ನೀವು ನಡೀರಿ" ಅಂದರು. ಕೈ ಮುಟ್ಟಿದೆ. ಆ ಬಿಸಿಲಿನಲ್ಲಿ ತಣ್ಣಗೆ, ಜಿಗುಟು ಜಿಗುಟು. ಮುಖ ಬಿಳಿಚಿಕೊಂಡಿತ್ತು. ಕೂರಿಸುವಷ್ಟರಲ್ಲಿ ವಾಂತಿ ಬಂದ ಹಾಗಾಗುತ್ತಿದೆ ಅಂದರು, ಕಣ್ಣು ಕತ್ತಲೆ ಅಂದರು. ಮೈಕಿನ ಮುಂದೆ ದಿನಾ ಗಂಟೆಗಟ್ಟಲೆ ಮಾತನಾಡುವ ನನಗೆ ಆ ಹೊತ್ತಿನಲ್ಲಿ ಒಂದು ಮಾತು ಹೊರಡಲಿಲ್ಲ. ಮಗಳು ಅಜ್ಜಿಯ ಸೆರಗು ಹಿಡಿದುಕೊಂಡು ಅಳಲು ಶುರು ಮಾಡಿದಳು.

ಮೇಲಿನಿಂದ ಇಳಿದುಬರುತ್ತಿದ್ದ ಇಬ್ಬರು ಕಾಲೇಜು ಹುಡುಗರ ಹತ್ತಿರವೂ ನೀರಿರಲಿಲ್ಲ. ಆದರೆ ಒಬ್ಬ ಓಡಿಕೊಂಡು ಕೆಳಗೆ ಹೋದ. ಹದಿನೈದು ನಿಮಿಷದಲ್ಲಿ ಅವನ ಹಿಂದೆ ಒಂದು ತೆಲುಗು ಸಂಸಾರದ ಯಜಮಾನರು ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ದೊಡ್ಡ ಬಾಟಲಿ ಮಜ್ಜಿಗೆ. ಉಪ್ಪು, ನಿಂಬೆ ಹಿಂಡಿದ ನೀರು ಮಜ್ಜಿಗೆ. ಅಮ್ಮನನ್ನು ನೆರಳಿನಲ್ಲಿ ಮಲಗಿಸಿ, ಕಾಲು ಬ್ಯಾಗಿನ ಮೇಲೆ ಎತ್ತಿಟ್ಟು, ಟವಲು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿ, ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ನಿಧಾನಕ್ಕೆ ಇಳಿದೆವು.

ಕೆಳಗೆ ಕೆರೆಯ ಹತ್ತಿರ ಆ ಸಂಸಾರ ಚಾಪೆ ಹಾಸಿಕೊಂಡು ಕೂತಿತ್ತು. ಮೂರು ಮಕ್ಕಳು, ಒಬ್ಬ ತಾತ, ಒಬ್ಬ ಅಜ್ಜಿ. ಬೆಳಗ್ಗೆಯೇ ಬಂದವರು ಅಲ್ಲಿಂದ ಮುಂದೆ ಹೋಗಿಯೇ ಇರಲಿಲ್ಲ. ಆ ಅಜ್ಜಿ ನಮ್ಮಮ್ಮನ ಕೈ ಹಿಡಿದು ಕೂರಿಸಿಕೊಂಡು, ನನ್ನ ಕಡೆ ನೋಡಿ, "ಚೆರುವು ದಾಕಾ ಚಾಲಮ್ಮಾ" ಅಂದರು. ಬೈಗುಳವೂ ಹೌದು, ಸಮಾಧಾನವೂ ಹೌದು. ಇಲ್ಲಿರುವ ನಿಮಗೆ ಅರ್ಥ ಹೇಳಬೇಕಿಲ್ಲ: ಕೆರೆಯವರೆಗೆ ಸಾಕಮ್ಮಾ. ಆದರೆ ಅಮ್ಮನಿಗೆ ಕೇಳಿಸಿದ್ದು ಬೇರೆ. ಕನ್ನಡದಲ್ಲಿ ಚಾಲು ಅಂದರೆ ಶುರು ಮಾಡು ಅಂತ ತಾನೇ? ಪಂಪ್‌ಸೆಟ್ ಚಾಲು ಮಾಡು, ಗಾಡಿ ಚಾಲು ಮಾಡು. "ಅಯ್ಯೋ, ಮತ್ತೆ ಶುರು ಮಾಡಿ ಅಂತಾರಲ್ಲೇ ಇವರು" ಅಂತ ಅಮ್ಮ ಗಾಬರಿಯಾದರು. ಆ ಸ್ಥಿತಿಯಲ್ಲೂ ನಾವೆಲ್ಲ ನಕ್ಕುಬಿಟ್ಟೆವು.

ನಗು ಆ ದಿನಕ್ಕೆ ಮುಗಿಯಿತು. ಆಮೇಲೆ ಅಮ್ಮ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಬೀಚಿಗೆ ಕರೆದರೂ "ನೀವು ಹೋಗಿ ಬನ್ನಿ" ಎಂಬ ಒಂದೇ ಮಾತು. ಎರಡು ಸಲ ಊರಿಗೆ ಹೋಗಿಬಿಡುತ್ತೇನೆ ಅಂದರು. ಅಲ್ಲಿ ಮನೆಗೆ ಬೀಗ. "ನಿಮಗೆ ಹೊರೆಯಾಗಿಬಿಟ್ಟೆ" ಅಂತ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಹೇಳುತ್ತಿದ್ದದ್ದು ಒಂದು ದಿನ ಅಡುಗೆಮನೆಯಿಂದ ನನ್ನ ಕಿವಿಗೆ ಬಿತ್ತು. ಸಾರು ಕಲಕುತ್ತಾ ನಿಂತಿದ್ದೆ. ಒಲೆ ಆರಿಸಿ ಸುಮ್ಮನೆ ನಿಂತೆ.

ಹೀಗೆ ಒಂಬತ್ತು ತಿಂಗಳು. ಡಿಸೆಂಬರಿನಲ್ಲಿ ಮಗಳೇ ದಾರಿ ತೋರಿಸಿದಳು. "ಅಜ್ಜಿ, ಕೆರೆ ತನಕ ಮಾತ್ರ. ಪ್ರಾಮಿಸ್" ಅಂತ ಹಟ ಹಿಡಿದಳು. ಈ ಸಲ ಗೇಟು ತೆರೆಯುವ ಹೊತ್ತಿಗೇ ಅಲ್ಲಿದ್ದೆವು. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಅದರ ಮೇಲೆ ಮಜ್ಜಿಗೆ, ಓಆರ್‌ಎಸ್ ಪೊಟ್ಟಣ, ಮೊಸರನ್ನ, ಒಂದು ಚಾಪೆ. ಅಮ್ಮನಿಗೆ ಹವಾಯಿ ಚಪ್ಪಲಿಯ ಬದಲು ಬೂಟು. ಸೀರೆಯ ಮೇಲೆ ಬೂಟು ಹಾಕಿಕೊಳ್ಳಲು ಅವರು ಪಟ್ಟ ನಾಚಿಕೆಯನ್ನು ರೇಡಿಯೋದಲ್ಲಿ ತೋರಿಸಲಾಗುವುದಿಲ್ಲ.

ಕೆರೆಯವರೆಗಿನ ಆ ಸಣ್ಣ ದೂರಕ್ಕೆ ನಮಗೆ ಒಂದು ಗಂಟೆ ಹಿಡಿಯಿತು. ಮಗಳ ವೇಗ ನೋಡಿ: ಹತ್ತು ಹೆಜ್ಜೆ ಓಡುತ್ತಾಳೆ, ಹತ್ತು ನಿಮಿಷ ಒಂದು ಹುತ್ತದ ಮುಂದೆ ಕೂರುತ್ತಾಳೆ. ಅಮ್ಮನ ವೇಗವೂ ಅದೇ! ಮೊಮ್ಮಗಳು, ಅಜ್ಜಿ ಇಬ್ಬರದೂ ಒಂದೇ ನಡಿಗೆ, ಅಡ್ಡಿಯಾದವಳು ನಾನು. ಒಂದು ಮರದಲ್ಲಿ ಎಲೆಗಳನ್ನು ಸೇರಿಸಿ ಹೊಲಿದ ಹಾಗಿದ್ದ ಕೆಂಪಿರುವೆಯ ಗೂಡು ಕಂಡ ಕೂಡಲೇ ಅಮ್ಮ, "ಅಯ್ಯೋ ಚಗಳಿ ಕೊಟ್ಟೆ!" ಅಂತ ಕೂಗಿದರು. ಊರಿನಲ್ಲಿ ಚಗಳಿ ಚಟ್ನಿ ಮಾಡುತ್ತಿದ್ದದ್ದು ಮೊಮ್ಮಗಳಿಗೆ ವರ್ಣನೆಯಾಯಿತು. ಅವಳು "ಥೂ" ಅಂದಳು, ಆಮೇಲೆ ಹುಳಿ ಇರುತ್ತಾ ಅಂತಲೂ ಕೇಳಿದಳು. ಗೇರು ಮರ ಗುರುತಿಸಿದರು. ಕೆರೆಯ ಮೇಲೆ ಮಿಂಚುಳ್ಳಿಯೊಂದು ನೀರಿಗೆ ಬಿದ್ದ ಹಾಗೆ ಎರಗಿ ಮೀನು ಹಿಡಿದು ಕೊಂಬೆಗೆ ಹೋಯಿತು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಹಿಡಿದದ್ದು ಅಂತ ಲೆಕ್ಕ ಇಟ್ಟವರು ಅಮ್ಮ.

ಅಲ್ಲಿನ ಸಿಬ್ಬಂದಿಯೊಬ್ಬರು ನಮ್ಮ ಹತ್ತಿರ ಬಂದು ಕೂತು ಹುಡ್‌ಹುಡ್ ಚಂಡಮಾರುತದ ಕಥೆ ಹೇಳಿದರು. 2014ರ ಅಕ್ಟೋಬರ್ 12. ಗಂಟೆಗೆ 170 ಕಿಲೋಮೀಟರ್ ಮೀರಿದ ಗಾಳಿ. ಊರಿನ ಮರಗಳ ಜೊತೆ ಈ ಕಾಡಿನ ಮರಗಳೂ ಮುರಿದು ಮಲಗಿದವು. ಗುಡ್ಡಗಳು ಬೋಳಾಗಿ ನಿಂತಿದ್ದವಂತೆ. ಈಗ ನಾವು ನೆರಳಿಗೆ ಕೂತ ಮರಗಳಲ್ಲಿ ಎಷ್ಟೋ ಆಮೇಲೆ ಚಿಗುರಿ ಎದ್ದಂಥವು. ಅದನ್ನು ಕೇಳಿ ಅಮ್ಮ ಬಹಳ ಹೊತ್ತು ಮರ ನೋಡುತ್ತಾ ಕೂತಿದ್ದರು.

ಹೊರಡುವ ಹೊತ್ತಿಗೆ ಮಗಳು, "ಅಜ್ಜಿ, ಮುಂದಿನ ಸಲ ಕೆರೆ ದಾಟಿ ಸ್ವಲ್ಪ ಮುಂದೆ ಹೋಗೋಣವಾ?" ಅಂದಳು. ಅಮ್ಮ, "ಚಾಲು" ಅಂದರು. ಯಾವ ಭಾಷೆಯ ಚಾಲು ಅಂತ ಕೇಳಿದೆ. ಹೇಳಲಿಲ್ಲ, ನಕ್ಕರು. ಅದರ ಮುಂದಿನ ತಿಂಗಳು ಅವರೇ ಶನಿವಾರ ರಾತ್ರಿ ಮೊಸರಿಗೆ ಹೆಪ್ಪು ಜಾಸ್ತಿ ಹಾಕಿದರು.

ಈಗ ಗಾಜುವಾಕದ ಕೇಳುಗರ ಪ್ರಶ್ನೆ. ಚಿರತೆ ಇದೆಯಾ? ಇದೆ. ಜಿಂಕೆ, ಕಡವೆ, ಕಾಡುಹಂದಿ, ಚಿಪ್ಪುಹಂದಿ ಇರುವ ಕಾಡಿನಲ್ಲಿ ಚಿರತೆ ಇಲ್ಲದೆ ಇರುತ್ತದೆಯೇ? ಆದರೆ ಚಿರತೆ ಮನುಷ್ಯರ ಸದ್ದು ಕೇಳಿದರೆ ತಾನೇ ಸರಿದು ಹೋಗುವ ಪ್ರಾಣಿ. ಓಡಾಡುವುದು ಹೆಚ್ಚಾಗಿ ಸಂಜೆಯಿಂದ ನಸುಕಿನವರೆಗೆ. ಆದ್ದರಿಂದ ಸಂಜೆ ನಾಲ್ಕರ ಹೊತ್ತಿಗೆ ಗೇಟಿನ ಹೊರಗಿರಿ. ಗುರುತು ಮಾಡಿದ ದಾರಿ ಬಿಡಬೇಡಿ. ಮಕ್ಕಳು ಮುಂದೆಯೂ ಬೇಡ, ಹಿಂದೆಯೂ ಬೇಡ, ಇಬ್ಬರು ದೊಡ್ಡವರ ನಡುವೆ ನಡೆಯಲಿ. ಇನ್ನೊಂದು ವಿಷಯವನ್ನು ಜನ ಯೋಚಿಸುವುದೇ ಇಲ್ಲ. ನಾವು ಎಸೆದು ಬಂದ ಪುಳಿಯೋಗರೆ, ಬಿರಿಯಾನಿ ಪೊಟ್ಟಣಕ್ಕೆ ಬೀದಿನಾಯಿ ಬರುತ್ತದೆ, ಹಂದಿ ಬರುತ್ತದೆ. ನಾಯಿ ಹುಡುಕಿಕೊಂಡು ಚಿರತೆ ಬರುತ್ತದೆ. ನಾಳೆ ಅದು ಪಕ್ಕದ ಕಾಲೊನಿಯಲ್ಲಿ ಕಂಡರೆ ಕಾಡಿನವರು ಸರಿಯಿಲ್ಲ ಅಂತ ನಾವೇ ಗಲಾಟೆ ಮಾಡುತ್ತೇವೆ. ತಿಂದ ಕಸವನ್ನು ಮನೆಗೆ ವಾಪಸ್ಸು ತನ್ನಿ, ಬಾಳೆಹಣ್ಣಿನ ಸಿಪ್ಪೆ ಸಹ.

ಬಿಸಿಲಿನ ಬಗ್ಗೆ ಇಷ್ಟು ನೆನಪಿಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಧ್ಯೆ ವಾಯುಭಾರ ಕುಸಿತದ ಸುದ್ದಿ ಇದ್ದರೆ ಹೋಗಬೇಡಿ. ಬಾಯಾರಿಕೆಗೆ ಕಾಯದೆ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ಬಾಟಲಿ ಅರ್ಧ ಆದ ಕೂಡಲೇ ವಾಪಸ್ಸು ತಿರುಗಿ, ಎಲ್ಲಿದ್ದರೂ ಸರಿ. ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು, ತಣ್ಣನೆಯ ಜಿಗುಟು ಮೈ ಕಂಡರೆ ನಡಿಗೆ ಅಲ್ಲಿಗೆ ಮುಗಿಯಿತು. ನೆರಳು, ಒದ್ದೆ ಬಟ್ಟೆ, ಉಪ್ಪು ಹಾಕಿದ ಮಜ್ಜಿಗೆ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ, ಇಲ್ಲವೇ ಮಾತು ತೊದಲಿದರೆ, ತಡ ಮಾಡದೆ 108ಕ್ಕೆ ಫೋನ್ ಮಾಡಿ. ಮಾತು ತೊದಲುವವರಿಗೆ, ಎಚ್ಚರ ತಪ್ಪಿದವರಿಗೆ ಬಾಯಿಗೆ ಏನನ್ನೂ ಹಾಕಬೇಡಿ.

ಇಲ್ಲಿ ನಡೆಯುವುದನ್ನು ಕಲಿಯಬೇಕೆಂದರೆ ಇಲ್ಲಿಯವರನ್ನೇ ನೋಡಬೇಕು. ಆಷಾಢ ಹುಣ್ಣಿಮೆಯ ಹಿಂದಿನ ದಿನ ಸಿಂಹಾಚಲದ ಗಿರಿಪ್ರದಕ್ಷಿಣೆ ನೋಡಿದ್ದೀರಾ? 32 ಕಿಲೋಮೀಟರ್. ಬೆಟ್ಟದ ಬುಡದಿಂದ ಹೊರಟು ಅಡವಿವರಂ, ಮುಡಸರ್ಲೋವ, ಹನುಮಂತವಾಕ ಅಂತ ಇದೇ ಗುಡ್ಡಗಳನ್ನು ಸುತ್ತುವರಿದು ಲಕ್ಷಾಂತರ ಜನ ನಡೆಯುತ್ತಾರೆ, ಮಕ್ಕಳು ಮುದುಕರು ಸಮೇತ. ಬಿಸಿಲು ಇಳಿದ ಮೇಲೆ ಬಹುಪಾಲು ಜನ ನಡೆಯುತ್ತಾರೆ, ರಾತ್ರಿಯಿಡೀ. ದಾರಿಯುದ್ದಕ್ಕೂ ನೀರು, ಮಜ್ಜಿಗೆ ಹಂಚುವವರು. ನೂರು ಹೆಜ್ಜೆಗೊಮ್ಮೆ ಕೂರುವವರಿಗೂ ಅಲ್ಲಿ ನಾಚಿಕೆಯಿಲ್ಲ.

ಅಂದ ಹಾಗೆ, ಸಿಂಹಾಚಲಕ್ಕೆ ನಮ್ಮ ಕಡೆಯವರು ಬಂದದ್ದು ಇವತ್ತು ನಿನ್ನೆಯಲ್ಲ. ಕನ್ನಡ ರಾಜ್ಯ ರಮಾರಮಣ ಅನ್ನಿಸಿಕೊಂಡ ಕೃಷ್ಣದೇವರಾಯ ಗಜಪತಿಯ ಮೇಲೆ ದಂಡೆತ್ತಿ ಬಂದು 1516ರಲ್ಲಿ, ಮತ್ತೆ 1519ರಲ್ಲಿ ಇಲ್ಲಿ ಶಾಸನ ಹಾಕಿಸಿದ್ದಾನೆ. ರಾಣಿಯರು ತಿರುಮಲಾದೇವಿ, ಚಿನ್ನಾದೇವಿ ದೇವರಿಗೆ ಪದಕ ಒಪ್ಪಿಸಿದ ವಿಷಯವೂ ಅದರಲ್ಲಿದೆ. ಅಂದರೆ ಅವನೂ ಕುಟುಂಬ ಸಮೇತವೇ!

ಅವನು ಬರುವ ದಾರಿಯಲ್ಲಿ ಗೆದ್ದ ಕೋಟೆಗಳಲ್ಲಿ ಒಂದು ಕೊಂಡಪಲ್ಲಿ. ವಿಜಯವಾಡದ ಮಿತ್ರರೇ, ಅದು ನಿಮ್ಮ ಮನೆ ಬಾಗಿಲಲ್ಲೇ ಇದೆ. ರೆಡ್ಡಿ ರಾಜರು ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ್ದು. ಸುತ್ತ ಮೀಸಲು ಅರಣ್ಯ. ಬೆಜವಾಡ ಅಲ್ಲ ಬ್ಲೇಜ್‌ವಾಡ ಅಂತ ತಮಾಷೆ ಮಾಡಿಸಿಕೊಳ್ಳುವ ಊರು ನಿಮ್ಮದು, ಒಪ್ಪಿದೆ. ಆದರೆ ಡಿಸೆಂಬರ್ ಬೆಳಗಿನಲ್ಲಿ ಕೋಟೆಯ ಮೇಲೆ ನಿಂತರೆ ಗುಡ್ಡದ ಮೇಲೆ ಗುಡ್ಡ, ಹಸಿರೇ ಹಸಿರು. ತೀರಾ ಸಣ್ಣ ಮಕ್ಕಳಿದ್ದರೆ ಕೋಟೆ ಬಿಟ್ಟು, ಅದೇ ಅರಣ್ಯದ ಇನ್ನೊಂದು ಅಂಚಿನಲ್ಲಿ ಇಬ್ರಾಹಿಂಪಟ್ಟಣಂ ಹತ್ತಿರದ ಮೂಲಪಾಡು ಚಿಟ್ಟೆ ಪಾರ್ಕಿಗೆ ಹೋಗಿ. ಮಳೆಗಾಲ ಮುಗಿದ ಹೊಸದರಲ್ಲಿ ಹೋದರೆ ಚಿಟ್ಟೆಗಳು ಚೆನ್ನಾಗಿ ಕಾಣುತ್ತವೆ. ಕೆರೆಯ ಆಸೆ ತೀರಬೇಕಾದರೆ ವಾಪಸ್ಸು ಬರುವಾಗ ಇಬ್ರಾಹಿಂಪಟ್ಟಣಂನಲ್ಲೇ ಗೋದಾವರಿಯ ನೀರು ಕೃಷ್ಣೆಗೆ ಸೇರುವ ಪವಿತ್ರ ಸಂಗಮದ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಬಹುದು.

ಮಕ್ಕಳಿಗೆ ಇನ್ನೊಂದು ಆಸೆ ತೋರಿಸಿ. ಕೊಂಡಪಲ್ಲಿ ಗೊಂಬೆ ಆಗುವುದು ಈ ಗುಡ್ಡಗಳಲ್ಲಿ ಬೆಳೆಯುವ ತೆಲ್ಲ ಪೊನಿಕಿ ಎಂಬ ಹಗುರ ಮರದಿಂದ. ನಮ್ಮ ಚನ್ನಪಟ್ಟಣದವರು ಹಾಲೆ ಮರವನ್ನು ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚುತ್ತಾರೆ, ಆದ್ದರಿಂದ ಆ ಗೊಂಬೆಗಳು ದುಂಡು ದುಂಡು. ಇಲ್ಲಿಯವರು ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಹಿಟ್ಟು, ಮರದ ಪುಡಿ ಕಲಸಿದ ಅಂಟಿನಿಂದ ಜೋಡಿಸುತ್ತಾರೆ. ಬೆಳಗ್ಗೆ ಗುಡ್ಡದಲ್ಲಿ ಮರ ನೋಡಿ, ಮಧ್ಯಾಹ್ನ ಊರಿನ ಕಟ್ಟೆಯಲ್ಲಿ ಅದೇ ಮರ ಗೊಂಬೆಯಾಗುವುದನ್ನು ನೋಡಿದರೆ ಮಕ್ಕಳು ಮನೆಗೆ ಬರುವವರೆಗೂ ಪ್ರಶ್ನೆ ಕೇಳುತ್ತಾರೆ. ಆ ಮರ ಈಗ ಕಮ್ಮಿಯಾಗುತ್ತಿದೆ ಅಂತ ಗೊಂಬೆ ಮಾಡುವವರಿಗೂ ಚಿಂತೆ. ಒಂದು ಗೊಂಬೆ ಕೊಂಡು ತನ್ನಿ, ಚೌಕಾಸಿ ಮಾಡಬೇಡಿ.

ಹೋಗುವ ಮುನ್ನ ಗೇಟಿನ ಸಮಯ, ದೋಣಿ ಇದೆಯೋ ಇಲ್ಲವೋ ಎಲ್ಲ ವಿಚಾರಿಸಿಕೊಳ್ಳಿ. ಮಳೆಗಾಳಿಯ ದಿನಗಳಲ್ಲಿ ಮುಚ್ಚಿರುತ್ತಾರೆ. ಹೋಗಿ ಬಂದವರು ನಮಗೆ ಬರೆಯಿರಿ. ಮಕ್ಕಳು ಬರೆದ ಚಿತ್ರ ಇದ್ದರೆ ಕಳಿಸಿ, ಈ ಪತ್ರಿಕೆಯ ಕೊನೆಯ ಪುಟ ಅವರಿಗೇ ಬಿಟ್ಟಿದ್ದೇವೆ. ಅಮ್ಮ ಮಜ್ಜಿಗೆಗೆ ಹಾಕುವ ಉಪ್ಪು, ಶುಂಠಿಯ ಅಳತೆ ಕೇಳಿದ ಮೂವರಿಗೆ ಮುಂದಿನ ವಾರ ಅವರ ಬಾಯಿಂದಲೇ ಹೇಳಿಸುತ್ತೇನೆ, ಮೈಕಿನ ಮುಂದೆ ಬರಲು ಒಪ್ಪಿದರೆ.

ನಮಸ್ಕಾರ.